ಆಷಾಢ ಮುಗೀಲಿ, ಆಮೇಲೆ ಅಡ್ವಾನ್ಸ್ ಕೊಡ್ತೀನಿ

ಬೆಂಗಳೂರಿಂದ ತಮ್ಮ ಫೋನ್ ಮಾಡಿದ್ದ. ಆಷಾಢ ಶುರು ಆಗೋದ್ರೊಳಗೆ ಹಾಲು ಉಕ್ಕಿಸ್ಬೇಕು ಅಂತ ಅವಸರದಲ್ಲಿ ಮನೆ ಬದಲಾಯಿಸಿದ, ಹಳೇ ಓನರ್ ಮಾತ್ರ ಅಡ್ವಾನ್ಸ್ ವಾಪಸ್ ಕೊಟ್ಟಿಲ್ಲ. ಕೇಳಿದ್ರೆ "ಈಗ ಆಷಾಢ ಅಲ್ವೇನಪ್ಪಾ, ಹೊಸಬ್ರು ಯಾರೂ ಬರಲ್ಲ, ಶ್ರಾವಣ ಬರ್ಲಿ, ಅವ್ರು ಕೊಟ್ಟ ತಕ್ಷಣ ನಿಮಗೆ ಕೊಡ್ತೀನಿ" ಅಂದ್ರಂತೆ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಂಡಿದ್ದು ಬೇರೆ. ನಾನು ಸುಮ್ಮನಿರಲಾರದೆ "ಕೇಸ್ ಹಾಕೋ" ಅಂದೆ. ಜೋರಾಗಿ ನಕ್ಕುಬಿಟ್ಟ. "ಅಡ್ವಾನ್ಸಿಗೆಲ್ಲ ಯಾರಾದ್ರೂ ಕೇಸ್ ಹಾಕ್ತಾರಾ ಅಣ್ಣ, ನಿಂಗೆ ಅಮೆರಿಕದ ಗಾಳಿ ಜಾಸ್ತಿ ಆಯ್ತು" ಅಂದ.

ಆ ನಗು ಸ್ವಲ್ಪ ಚುಚ್ಚಿತು, ಯಾಕಂದ್ರೆ ನಾನು ಇಲ್ಲಿ ಹಾಕಿದ್ದೆ.

ನಾನಿರೋದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಇಲ್ಲಿ ಬಾಡಿಗೆದಾರ ಮನೆ ಬಿಟ್ಟ ಮೇಲೆ ಓನರ್ 21 ದಿನದೊಳಗೆ ಡೆಪಾಸಿಟ್ ವಾಪಸ್ ಕೊಡ್ಬೇಕು, ಹಿಡ್ಕೊಂಡಿದ್ರೆ ಯಾವುದಕ್ಕೆ ಎಷ್ಟು ಅಂತ ಬರೆದು ಕಳಿಸ್ಬೇಕು, ರಿಪೇರಿ ಕ್ಲೀನಿಂಗ್ ಖರ್ಚು 125 ಡಾಲರ್ ದಾಟಿದ್ರೆ ಬಿಲ್ಲನ್ನೂ ಜೊತೆಗೆ ಇಡ್ಬೇಕು. ಹೊಸಬ್ರು ಬಂದ್ರಾ ಬಿಟ್ರಾ ಅನ್ನೋ ಪ್ರಶ್ನೇನೇ ಇಲ್ಲ, ಅದು ಅವರ ತಲೆನೋವು. ನಮ್ಮ ಅಪಾರ್ಟ್ಮೆಂಟಿನ ಮ್ಯಾನೇಜ್ಮೆಂಟಿನವ್ರು ಲೆಕ್ಕ ಕಳಿಸಿದ್ರು, ಕಳಿಸಲಿಲ್ಲ ಅನ್ನಲ್ಲ, ಆದ್ರೆ ಅದ್ರಲ್ಲಿ ಹೊಸ ಕಾರ್ಪೆಟ್ ಹಾಕಿಸಿದ ಪೂರ್ತಿ ದುಡ್ಡು ನನ್ನ ತಲೆಗೇ ಕಟ್ಟಿದ್ರು. ದಿನಬಳಕೆಯಲ್ಲಿ ಸವೆದಿದ್ದಕ್ಕೆ ಬಾಡಿಗೆದಾರ ಕೊಡ್ಬೇಕಿಲ್ಲ ಅಂತ ಇಲ್ಲಿನ ಕಾನೂನೇ ಹೇಳುತ್ತೆ. ಮೊದಲು ಒಂದು ಕಾಗದ ಬರೆದು ಕೇಳಿದೆ, ಉತ್ತರ ಬರ್ಲಿಲ್ಲ, ಸಣ್ಣ ಮೊತ್ತದ ಕೇಸು ನೋಡೋ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋದೆ.

ಹೋದೆ ಅಂದ್ರೆ ಏನು ಮಹಾ, ಎಸ್‌ಸಿ-100 ಅಂತ ಒಂದು ಫಾರಂ ಇದೆ, ಅದನ್ನ ಮನೇಲೇ ಕೂತು ತುಂಬಿದೆ. ಎಷ್ಟು ದುಡ್ಡಿಗೆ ಕೇಸು ಅನ್ನೋದರ ಮೇಲೆ ಫೀಸು, ನಮ್ಮಂಥೋರಿಗೆ 30ರಿಂದ 75 ಡಾಲರ್ ಒಳಗೆ, 12,500 ಡಾಲರ್ ತನಕ ಕೇಳಬಹುದು. ನೋಟಿಸನ್ನ ನಾನೇ ಕೊಡೋ ಹಾಗಿಲ್ಲ, ಕೇಸಿಗೆ ಸಂಬಂಧ ಇಲ್ಲದೋರು ಕೊಡ್ಬೇಕು, ಪಕ್ಕದ ಮನೆ ತೆಲುಗಿನವ್ರು ಪಾಪ ಆಫೀಸಿಗೆ ಹೋಗೋ ದಾರೀಲಿ ಕೊಟ್ಟು ಸೈನ್ ಹಾಕಿದ್ರು. ಎಲ್ಲಕ್ಕಿಂತ ಖುಷಿ ಆಗಿದ್ದು ವಿಚಾರಣೆಗೆ ಲಾಯರ್‌ನ ಕರ್ಕೊಂಡು ಬರೋ ಹಾಗಿಲ್ಲ ಅನ್ನೋದು, ನನಗೂ ಇಲ್ಲ ಅವರಿಗೂ ಇಲ್ಲ, ಅಷ್ಟು ದೊಡ್ಡ ಕಂಪನಿ ಕಡೆಯಿಂದ ಬಂದಿದ್ದು ನನ್ನ ಹಾಗೇ ಫೈಲ್ ಹಿಡ್ಕೊಂಡ ಒಬ್ಬ ಉದ್ಯೋಗಿ.

ಜಡ್ಜು ನನ್ನನ್ನ ಜಾಸ್ತಿ ಏನೂ ಕೇಳಲಿಲ್ಲ. ಆ ಕಡೆಯವನ್ನ ಕೇಳಿದ್ರು, ಹಳೇ ಕಾರ್ಪೆಟ್ ಹಾಕ್ಸಿ ಎಷ್ಟು ವರ್ಷ ಆಗಿತ್ತು ಅಂತ. ಅವನ ಹತ್ರ ಉತ್ತರ ಇರಲಿಲ್ಲ, ಕಾಗದ ತಿರುವಿ ಹಾಕ್ತಾ ನಿಂತ. ನಿಜ ಹೇಳ್ತೀನಿ, ತೀರ್ಪಿಗಿಂತ ನಂಗೆ ಇಷ್ಟ ಆಗಿದ್ದು ಅದೇ ಹೊತ್ತು. ನಮ್ಮೂರಲ್ಲಿ ತಡವರಿಸೋನು ಯಾವಾಗ್ಲೂ ಬಾಡಿಗೆದಾರನೇ. ಗೇಟ್ ಹತ್ರ ನಿಂತು "ಸಾರ್, ಅದೇ ಆ ವಿಷ್ಯ..." ಅಂತ ಹಲ್ಲು ಕಿರೀಬೇಕು, ನಮ್ಮದೇ ದುಡ್ಡನ್ನ ಕೈಸಾಲ ಕೇಳೋ ಹಾಗೆ ಕೇಳ್ಬೇಕು, ಅವ್ರು "ಒಳಗೆ ಬನ್ನಿ, ಕಾಫಿ ಕುಡೀರಿ" ಅಂದ್ಬಿಟ್ರೆ ಮುಗೀತು, ಕಾಫಿ ಕುಡಿದೋನು ಹೆಂಗೆ ಜಗಳ ಆಡ್ತಾನೆ. ಗೋಡೆಗೆ ಒಂದು ಮೊಳೆ ಹೊಡೆದಿದ್ದಕ್ಕೂ ನಾವೇ ಸಮಜಾಯಿಷಿ ಕೊಡ್ಬೇಕು, ಮನೆಗೆ ಪೇಂಟ್ ಹೊಡೆದು ಎಷ್ಟು ವರ್ಷ ಆಯ್ತು ಅಂತ ಓನರನ್ನ ಕೇಳಿದ ಬಾಡಿಗೆದಾರನ್ನ ನಾನಂತೂ ನೋಡಿಲ್ಲ. ಇಲ್ಲಿ ಕೆಟ್ಟ ಉದ್ದೇಶದಿಂದ ಹಿಡ್ಕೊಂಡಿದ್ದಾರೆ ಅಂತ ಜಡ್ಜಿಗೆ ಅನಿಸಿದ್ರೆ ಡೆಪಾಸಿಟ್ ಅಲ್ಲದೆ ಅದರ ಎರಡರಷ್ಟು ತನಕ ದಂಡಾನೂ ಹಾಕಬಹುದು. ನನ್ನ ಕೇಸಲ್ಲಿ ಹಾಕ್ಲಿಲ್ಲ. ತೀರ್ಪು ಪೋಸ್ಟಲ್ಲಿ ಬಂತು, ಕಾರ್ಪೆಟ್ ದುಡ್ಡು ವಾಪಸ್, ಓವನ್ ಕ್ಲೀನಿಂಗ್ ಅಂತ ಹಿಡಿದಿದ್ದು ಅವ್ರಿಗೇ ಹೋಯ್ತು. ನ್ಯಾಯವಾಗಿಯೇ ಇತ್ತು ಬಿಡಿ, ಓವನ್ ಒಗ್ಗರಣೆ ಹೊಗೆ ತಿಂದಿತ್ತು.

ಹಾಗಂತ ದುಡ್ಡಿನ ಮೊತ್ತಾನೂ ಚಿಕ್ಕದೇ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈಯಿಂದ ಹೆಚ್ಚಿನ ಓನರ್‌ಗಳು ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳೋ ಹಾಗಿಲ್ಲ. ಬೆಂಗಳೂರಲ್ಲಿ ಹತ್ತು ತಿಂಗಳು! ಮೂವತ್ತು ಸಾವಿರದ ಮನೆಗೆ ಮೂರು ಲಕ್ಷ, ಬಡ್ಡಿ ಇಲ್ದೆ, ಅವರ ಮಗಳ ಮದುವೆಗೋ ಮೇಲಿನ ಮಹಡಿ ಕಟ್ಟೋಕೋ ಆಗಿ ಹೋಗಿರುತ್ತೆ, ಅದಕ್ಕೇ ಹೊಸಬ್ರು ಬರೋ ತನಕ ಕಾಯಿ ಅನ್ನೋದು. 2021ರಲ್ಲಿ ಕೇಂದ್ರದವ್ರು ಮಾದರಿ ಬಾಡಿಗೆ ಕಾಯ್ದೆ ಅಂತ ಮಾಡಿ ವಾಸದ ಮನೆಗೆ ಎರಡೇ ತಿಂಗಳ ಡೆಪಾಸಿಟ್ ಅಂದ್ರು, ಆದ್ರೆ ಅದು ರಾಜ್ಯದವ್ರು ಒಪ್ಕೊಂಡು ಕಾನೂನು ಮಾಡಿದ್ರೆ ಮಾತ್ರ. ಆ ಕಾಯ್ದೆ ಹೆಸರು ಹೇಳಿ ನಮ್ಮ ಬಡಾವಣೆಯ ಯಾವುದಾದ್ರೂ ಓನರ್ ಹತ್ರ ಮಾತಾಡಿ ನೋಡಿ, ಟು ಲೆಟ್ ಬೋರ್ಡ್ ಕಿತ್ತು ಒಳಗಿಟ್ಕೋತಾರೆ.

ನಮ್ಮಲ್ಲಿ ಕೋರ್ಟೇ ಇಲ್ವಾ ಅಂದ್ರೆ ಇದೆ, ಕರ್ನಾಟಕಕ್ಕೆ ಸ್ಮಾಲ್ ಕಾಸಸ್ ಕೋರ್ಟಿನ ಕಾಯ್ದೆ 1964ರಿಂದ ಇದೆ. ಬೆಂಗಳೂರಲ್ಲಿ ಆ ಕೋರ್ಟು ಅಂದ್ರೆ ಜನಕ್ಕೆ ನೆನಪಾಗೋದು ಆಕ್ಸಿಡೆಂಟ್ ಪರಿಹಾರದ ಕೇಸುಗಳು. ಲೋಕ ಅದಾಲತ್ ಇದೆ, ಅಲ್ಲಿ ಫೀಸೂ ಇಲ್ಲ, ಆದ್ರೆ ಎರಡೂ ಕಡೆಯವ್ರು ರಾಜಿಗೆ ಒಪ್ಬೇಕು. ಬಾಗಿಲು ಇಲ್ಲ ಅಂತ ನಾನು ಹೇಳ್ತಿಲ್ಲ, ತಟ್ಟೋಕೆ ಜನಕ್ಕೆ ಅಂಜಿಕೆ. ನಮ್ಮ ತಂದೆ "ಗೆದ್ದವ ಸೋತ, ಸೋತವ ಸತ್ತ" ಅಂತಲೇ ನಮ್ಮನ್ನ ಬೆಳೆಸಿದ್ದು, ಅವರ ಕಾಲದ ಕೋರ್ಟಿನ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ.

ಇಷ್ಟೆಲ್ಲ ಬೈದ ಮೇಲೆ ಮಲ್ಲೇಶ್ವರದ ನಮ್ಮ ಮೊದಲ ಓನರಮ್ಮನ ವಿಷ್ಯ ಹೇಳದೇ ಇದ್ರೆ ಪಾಪ ಬರುತ್ತೆ. ಅಗ್ರಿಮೆಂಟೂ ಇರಲಿಲ್ಲ, ಲಾರಿ ಬರೋಕೆ ಮುಂಚೇನೇ ಪೂರ್ತಿ ಅಡ್ವಾನ್ಸ್ ಎಣಿಸಿ ನನ್ನ ಹೆಂಡತಿ ಕೈಗೆ ಕೊಟ್ಟು ಅರಿಶಿನ ಕುಂಕುಮ ಕೊಟ್ಟಿದ್ರು. ಇಲ್ಲಿನ ಮ್ಯಾನೇಜ್ಮೆಂಟಿನವ್ರಿಗೆ ನನ್ನ ಹೆಸರು ಉಚ್ಚರಿಸೋಕೂ ಬರ್ತಿರಲಿಲ್ಲ. ಮನೆ ಕೊಡೋಕೆ ಮುಂಚೆ ಇಲ್ಲಿ ಕ್ರೆಡಿಟ್ ಸ್ಕೋರ್ ಕೇಳ್ತಾರೆ, ಊರಿಂದ ಹೊಸದಾಗಿ ಬಂದೋನಿಗೆ ಅದು ಎಲ್ಲಿಂದ ಬರ್ಬೇಕು.

ಇನ್ನೊಂದೂ ಒಪ್ಕೋಬೇಕು. ಸ್ಮಾಲ್ ಕ್ಲೇಮ್ಸಲ್ಲಿ ಕೇಸ್ ಹಾಕಿದೋನು ಸೋತ್ರೆ ಅವನಿಗೆ ಅಪೀಲು ಇಲ್ಲ, ಎದುರಿನವನಿಗೆ ಮಾತ್ರ ಇದೆ. ಗೆದ್ರೂ ಕೋರ್ಟಿನವ್ರು ದುಡ್ಡು ವಸೂಲಿ ಮಾಡಿ ಕೊಡಲ್ಲ. ನನ್ನ ಎದುರಿಗಿದ್ದಿದ್ದು ಕಂಪನಿ ಆಗಿದ್ರಿಂದ ಚೆಕ್ ಬಂತು. ನನ್ನ ಗೆಳೆಯ ಒಬ್ಬ ಸ್ವಂತ ಮನೆ ಬಾಡಿಗೆಗೆ ಕೊಟ್ಟಿದ್ದ ಓನರ್ ಮೇಲೆ ಗೆದ್ದ, ಆಸಾಮಿ ಇವತ್ತಿಗೂ ಕೊಟ್ಟಿಲ್ಲ, ಅವನ ಬ್ಯಾಂಕ್ ಯಾವುದು ಅಂತ ಇವನೇ ಹುಡುಕ್ಬೇಕು, ಅದಕ್ಕೆ ಇನ್ನೊಂದು ಫಾರಂ, ಇನ್ನೊಂದು ಫೀಸು. ತೀರ್ಪು 10 ವರ್ಷ ಊರ್ಜಿತ, ವರ್ಷಕ್ಕೆ ನೂರಕ್ಕೆ 10ರಂತೆ ಬಡ್ಡೀನೂ ಬೆಳೀತಾ ಇದೆ, ಊರಿನ ಎಫ್‌ಡಿಗಿಂತ ಇದೇ ವಾಸಿ ಕಣೋ ಅಂತಾನೆ ಅವನು.