ರೇ ಚಾರ್ಲ್ಸ್‌ಗೆ ಜಾರ್ಜಿಯಾ ನಿಷೇಧ ಹಾಕಿತ್ತಾ?

ಸೋಲ್ (soul) ಅನ್ನೋ ಕಪ್ಪು ಅಮೆರಿಕನ್ನರ ಸಂಗೀತ ಶೈಲಿಗೆ ದಾರಿ ಮಾಡಿಕೊಟ್ಟ ಗಾಯಕ ರೇ ಚಾರ್ಲ್ಸ್ ಬಗ್ಗೆ ಒಂದು ಫಾರ್ವರ್ಡ್ ಓಡಾಡುತ್ತಿದೆ: ವರ್ಣಭೇದವನ್ನು ವಿರೋಧಿಸಿದ್ದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯ ಅವರನ್ನು ಜೀವನಪೂರ್ತಿ ನಿಷೇಧಿಸಿತು, 1979ರಲ್ಲಿ ಕ್ಷಮೆ ಕೇಳಿ ಅದನ್ನು ತೆಗೆಯಿತು ಅಂತ. ಅರ್ಧ ನಿಜ, ಅರ್ಧ ಸಿನಿಮಾ. 2004ರ ‘ರೇ’ ಚಿತ್ರದಲ್ಲಿ ಹಾಗೇ ತೋರಿಸಿದ್ದಾರೆ, ಜನ ನಂಬಿದರು.

ಆಗಿದ್ದು ಇಷ್ಟು. 1961ರ ಮಾರ್ಚ್‌ನಲ್ಲಿ ಜಾರ್ಜಿಯಾದ ಆಗಸ್ಟಾ ಊರಿನ ಬೆಲ್ ಆಡಿಟೋರಿಯಂನಲ್ಲಿ ಅವರ ಕಾರ್ಯಕ್ರಮ ಇತ್ತು. ಕುಣಿಯುವ ಜಾಗ ಬಿಳಿಯರಿಗೆ ಮಾತ್ರ, ಕಪ್ಪು ಜನ ಮೇಲಿನ ಬಾಲ್ಕನಿಯಲ್ಲಿ ಕೂರಬೇಕು ಅನ್ನೋ ವ್ಯವಸ್ಥೆ ಅಲ್ಲಿದೆ ಅಂತ ಪೇನ್ ಕಾಲೇಜಿನ ವಿದ್ಯಾರ್ಥಿಗಳು ಟೆಲಿಗ್ರಾಂ ಕಳಿಸಿ ತಿಳಿಸಿದಾಗ ರೇ ಹಾಡಲ್ಲ ಅಂದುಬಿಟ್ಟರು. ಆಯೋಜಕ ಕೋರ್ಟಿಗೆ ಹೋದ. ಒಪ್ಪಂದ ಮುರಿದಿದ್ದಕ್ಕೆ 757 ಡಾಲರ್ ಕಟ್ಟಿ ಅಂತ 1962ರಲ್ಲಿ ತೀರ್ಪು ಬಂತು.

ಅಷ್ಟೇ. ನಿಷೇಧ ಯಾರೂ ಹಾಕಲಿಲ್ಲ. 1963ರ ಅಕ್ಟೋಬರ್‌ನಲ್ಲಿ ಅದೇ ಬೆಲ್ ಆಡಿಟೋರಿಯಂನಲ್ಲಿ ರೇ ಹಾಡಿದರು, ಈ ಸಲ ಎಲ್ಲರೂ ಒಟ್ಟಿಗೆ ಕೂತಿದ್ದರು. ನನ್ನ ಪ್ರಕಾರ ಸಿನಿಮಾ ಕಥೆಗಿಂತ ಇದೇ ಚೆನ್ನಾಗಿದೆ, ಅಲ್ವಾ?

ಇನ್ನು 1979. ಆ ಮಾರ್ಚ್‌ನಲ್ಲಿ ರೇ ಜಾರ್ಜಿಯಾ ಶಾಸನಸಭೆಯಲ್ಲಿ ‘ಜಾರ್ಜಿಯಾ ಆನ್ ಮೈ ಮೈಂಡ್’ ಹಾಡಿದ್ದು ನಿಜ. ಏಪ್ರಿಲ್‌ನಲ್ಲಿ ಅದು ರಾಜ್ಯದ ಹಾಡಾಯಿತು. ಆದರೆ ಇಲ್ಲದ ನಿಷೇಧವನ್ನು ತೆಗೆಯೋದು ಹೇಗೆ?

ಅವರು ಹುಟ್ಟು ಕುರುಡರು ಅಂತಲೂ ಕೆಲವರು ಸೇರಿಸುತ್ತಾರೆ. ಅದೂ ತಪ್ಪು, ಏಳು ವರ್ಷ ಆಗೋ ಹೊತ್ತಿಗೆ ಕಣ್ಣು ಹೋಗಿದ್ದು.