ಗಾಜಿನ ರೂಮಿನಲ್ಲಿ ಅಮ್ಮನ ಚಳಿ

"ಬೆಂಗಳೂರಲ್ಲಿ ಅದೆಂಥಾ ಚಳಿ ರೀ, ದೆಹಲಿಗೆ ಹೋಗಿ ನೋಡಿ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತೆ. ಎಪ್ಪತ್ತು ದಾಟಿದವರು ಇರುವ ಮನೆಯಲ್ಲಿ ಈ ಮಾತು ಆಡಬಾರದು. ಜನವರಿ ಬೆಳಿಗ್ಗೆ ಹೊರಗೆ 15 ಡಿಗ್ರಿ ಇದ್ದಾಗ ನಾವು ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋಗಿ ಬೆವರಿ ಬರುತ್ತೇವೆ. ಅದೇ 15 ಡಿಗ್ರಿಯಲ್ಲಿ ಎರಡು ಗಂಟೆ ಅಲುಗಾಡದೆ ಕೂತ ವಯಸ್ಸಾದವರ ಕೈಬೆರಳು ಮುಟ್ಟಿ ನೋಡಿ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ, ವಯಸ್ಸಾದವರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕಾಗಬಹುದು ಅಂತಲೂ ಹೇಳಿದೆ. ನಮ್ಮ ಮನೆಗಳಲ್ಲಿ ಎಷ್ಟು ಜನ ಒಮ್ಮೆಯಾದರೂ ಒಳಗಿನ ಉಷ್ಣಾಂಶ ಅಳೆದಿದ್ದೇವೆ?

ನಾನೂ ಅಳೆದಿರಲಿಲ್ಲ. ಹನುಮಂತನಗರದ ನಮ್ಮ ಮನೆ ತಾರಸಿಯ ಮೇಲೆ ಮೂರು ವರ್ಷದ ಹಿಂದೆ ಒಂದು ಗಾಜಿನ ರೂಮು ಕಟ್ಟಿಸಿದೆವು. 12 ಅಡಿ, 10 ಅಡಿ. ಪಶ್ಚಿಮಕ್ಕೆ ಮೆಟ್ಟಿಲ ಕೋಣೆಯ ಇಟ್ಟಿಗೆ ಗೋಡೆ, ಉಳಿದ ಮೂರು ಕಡೆ ಗಾಜು, ಮೇಲೆ ಪಾಲಿಕಾರ್ಬೊನೇಟ್ ಶೀಟು. ಅಮ್ಮನ ತುಳಸಿ, ದಾಸವಾಳ, ನಾಲ್ಕು ಆರ್ಕಿಡ್ ಕುಂಡ, ಒಂದು ಬೆತ್ತದ ಕುರ್ಚಿ. ಅಮ್ಮನಿಗೆ ಈಗ 79. ಧನುರ್ಮಾಸ ಬಂದರೆ ಐದು ಗಂಟೆಗೆ ಎದ್ದು ಸ್ನಾನ ಮಾಡಿ, ಮೇಲೆ ಹೋಗಿ ಪೂರ್ವಕ್ಕೆ ಮುಖ ಮಾಡಿ ಕೂತು, ಹೂಬತ್ತಿ ಹೊಸೆಯುತ್ತಾ ತನ್ನ ಸ್ತೋತ್ರಗಳನ್ನು ಹೇಳಿಕೊಳ್ಳುತ್ತಾಳೆ. ಸೂರ್ಯ ಹುಟ್ಟೋದು ಅಲ್ಲಿಂದ ಕಾಣುತ್ತೆ ಅನ್ನೋದೇ ಅವಳಿಗೆ ಆ ರೂಮಿನ ಸುಖ.

ಮೊದಲ ಚಳಿಗಾಲದಲ್ಲೇ "ಕಾಲು ಮರಗಟ್ಟಿ ಹೋಗ್ತಿದೆ ಕಣೇ, ಆದ್ರೆ ಕೆಳಗೆ ಕೂತ್ರೆ ಮನಸ್ಸು ನಿಲ್ಲಲ್ಲ" ಅಂದಳು. ಥರ್ಮಾಮೀಟರ್ ತಂದಿಟ್ಟೆ. ಬೆಳಿಗ್ಗೆ ಆರಕ್ಕೆ ಹೊರಗೆ 15, ಒಳಗೆ 15.5. ಅಷ್ಟು ದುಡ್ಡು ಸುರಿದು ಕಟ್ಟಿಸಿದ ರೂಮು ಅಮ್ಮನಿಗೆ ಕೊಟ್ಟಿದ್ದು ಅರ್ಧ ಡಿಗ್ರಿ. ಗಾಳಿ ತಡೆಯಿತು, ಮಂಜು ತಡೆಯಿತು, ನಿಜ. ಚಳಿ ಹಾಗೇ ಇತ್ತು.

ಎಲ್ಲರೂ ಮಾಡುವುದನ್ನೇ ಮಾಡಿದೆ. ಅಂಗಡಿಗೆ ಹೋಗಿ "ದೊಡ್ಡ ಹೀಟರ್ ಕೊಡಿ" ಅಂದೆ. 2000 ವ್ಯಾಟಿನ ಆಯಿಲ್ ಹೀಟರ್, ಅಂದರೆ ಒಳಗೆ ತುಂಬಿದ ಎಣ್ಣೆಯನ್ನು ಕರೆಂಟಿನಿಂದ ಕಾಯಿಸುವಂಥದ್ದು, ಹನ್ನೊಂದು ರೆಕ್ಕೆಯದು. "ಎಷ್ಟು ದೊಡ್ಡ ರೂಮಾದ್ರೂ ಕಾಯ್ಸುತ್ತೆ ಮೇಡಂ" ಅಂದರು. ಗಾಜಿನ ರೂಮೋ ಗೋಡೆಯ ರೂಮೋ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೇಲೆ ಪವರ್ ಪ್ಲಗ್ ಇರಲಿಲ್ಲ, ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಹಾಕಿದೆ. ಐದನೇ ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ. ಓಡಿ ಹೋಗಿ ನೋಡಿದರೆ ಬೋರ್ಡ್ ಅರ್ಧ ಕರಗಿತ್ತು. ಅಮ್ಮ ಅದರಿಂದ ಎರಡೇ ಅಡಿ ದೂರದಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಆ ದಿನ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ. 2000 ವ್ಯಾಟ್ ಅಂದರೆ ನಮ್ಮ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್. ಮಾಮೂಲಿ ಲೈಟಿನ ಪ್ಲಗ್ ಪಾಯಿಂಟು ಇರೋದೇ 6 ಆಂಪಿಯರಿಗೆ. 1500 ವ್ಯಾಟಿನದೂ ಆ ಮಿತಿ ದಾಟುತ್ತೆ. ಹೀಟರ್ ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ 16 ಆಂಪಿಯರಿನ ಪಾಯಿಂಟ್ ಹಾಕಿಸಿ, ಅರ್ಥಿಂಗ್ ನೋಡಿಸಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಹೀಟರ್ ಹಾಕಲೇಬೇಡಿ. ಇಡೀ ಬರಹದಲ್ಲಿ ಇದೊಂದನ್ನೇ ಓದಿ ಬಿಟ್ಟರೂ ನನಗೆ ಸಮಾಧಾನ.

ಪಾಯಿಂಟ್ ಹಾಕಿಸಿದ ಮೇಲೂ ಅಮ್ಮನ ಕಾಲು ಬೆಚ್ಚಗಾಗಲಿಲ್ಲ. ಒಂದು ಗಂಟೆ ಉರಿಸಿದರೆ ತಲೆಯ ಮಟ್ಟದಲ್ಲಿ 20 ಡಿಗ್ರಿ, ನೆಲದ ಹತ್ತಿರ 16. ಆಗ ಕೂತು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಒಂಟಿ ಗಾಜು, ಒಳಗೂ ಹೊರಗೂ ಇರುವ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 5.7 ವ್ಯಾಟ್ ಶಾಖವನ್ನು ಹೊರಗೆ ಬಿಡುತ್ತೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಬಿಡೋದು ಸುಮಾರು 2. ಒಂದೇ ಪದರದ ಪಾಲಿಕಾರ್ಬೊನೇಟ್ ಶೀಟೂ ಹೆಚ್ಚು ಕಮ್ಮಿ ಗಾಜಿನಷ್ಟೇ. ನಮ್ಮ ರೂಮಿನಲ್ಲಿ ಗಾಜು 24 ಚದರ ಮೀಟರ್, ಮೇಲಿನ ಶೀಟು 11. ಒಟ್ಟು 35. ಹೊರಗೆ 15 ಇದ್ದು ಒಳಗೆ 22 ಬೇಕು ಅಂದರೆ ಏಳು ಡಿಗ್ರಿ. ಗುಣಿಸಿದರೆ ಸುಮಾರು 1400 ವ್ಯಾಟ್ ಬರೀ ಗಾಜು, ಶೀಟಿನಿಂದಲೇ ಸೋರಿಹೋಗುತ್ತೆ. ಸಂದಿಗಳಲ್ಲಿ ನುಗ್ಗುವ ಗಾಳಿಯ ಲೆಕ್ಕ ಬೇರೆ. ನಾನು ತಂದ ಹೀಟರ್ ಬಹುಪಾಲು ಹನುಮಂತನಗರದ ಆಕಾಶವನ್ನು ಕಾಯಿಸುತ್ತಿತ್ತು.

ಇನ್ನೊಂದು ಸಂಗತಿ ಇದೆ, ಅದು ಗೊತ್ತಾದ ಮೇಲೆಯೇ ನನಗೆ ದಾರಿ ಕಂಡಿದ್ದು. ಚಳಿ ಅನ್ನಿಸೋದು ಗಾಳಿಯಿಂದ ಮಾತ್ರ ಅಲ್ಲ. ನಮ್ಮ ಮೈ ಸುತ್ತಲಿನ ತಣ್ಣನೆ ವಸ್ತುಗಳ ಕಡೆಗೆ ಶಾಖವನ್ನು ಕಿರಣವಾಗಿ ಬಿಡುತ್ತಲೇ ಇರುತ್ತೆ. ಮೋಡವಿಲ್ಲದ ಮಾಗಿಯ ರಾತ್ರಿಯಲ್ಲಿ ಬಯಲಿಗೆ ಬಿದ್ದ ಗಾಜು, ಶೀಟು ಆಕಾಶದ ಕಡೆ ಶಾಖ ಕಳಕೊಂಡು ತಣ್ಣಗೆ ಕೊರೆಯುತ್ತಿರುತ್ತವೆ. ಮೂರು ಕಡೆ ಅಂಥಾ ಗಾಜು ಇಟ್ಟುಕೊಂಡು ಕೂತರೆ, ಗಾಳಿ 20 ಡಿಗ್ರಿ ಇದ್ದರೂ ಬೆನ್ನು ಕೊರೆಯುತ್ತೆ. ಅಮ್ಮ "ಗಾಜು ಚಳಿ ಉಗುಳುತ್ತೆ ಕಣೇ" ಅನ್ನುತ್ತಿದ್ದಳು. ಅವಳ ಮೈಗೆ ಆಗುತ್ತಿದ್ದುದನ್ನು ಅವಳು ಸರಿಯಾಗಿಯೇ ಹೇಳುತ್ತಿದ್ದಳು.

ಬಿಲ್ಲಿನ ವಿಷಯ ಹೇಳಿಬಿಡುತ್ತೇನೆ. 1500 ವ್ಯಾಟಿನಂತೆ ಬೆಳಿಗ್ಗೆ ಮೂರು, ಸಂಜೆ ಮೂರು ಗಂಟೆ ಉರಿಸಿದರೆ ದಿನಕ್ಕೆ 9 ಯೂನಿಟ್, ತಿಂಗಳಿಗೆ 270. 2025–26ರಲ್ಲಿ ಬೆಸ್ಕಾಂ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು, ಮೇಲಿಂದ ಬೇರೆ ಶುಲ್ಕಗಳು. ಅಂದರೆ 1500 ರೂಪಾಯಿಗೂ ಮೇಲೆ. ಗೃಹಜ್ಯೋತಿ ಇರುವ ಮನೆಯವರು ಇನ್ನೊಂದು ನೆನಪಿಡಬೇಕು: 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ ನಮ್ಮ ಮೇಲೇ ಬರುತ್ತೆ. ಮನೆ ಖರ್ಚಿನ 120 ಯೂನಿಟ್ಟಿಗೆ ಈ 270 ಸೇರಿದರೆ 390. ಪಿಂಚಣಿಯಲ್ಲಿ ಬದುಕುವ ಹಿರಿಯರು ಹೀಟರ್ ಇದ್ದೂ ಹಚ್ಚದೆ ಶಾಲು ಹೊದ್ದು ಕೂರೋದು ಇದಕ್ಕೇ. ಕೇಳಿದರೆ "ನನಗೇನು ಚಳಿ ಇಲ್ಲ ಬಿಡು" ಅನ್ನುತ್ತಾರೆ. ನಂಬಬೇಡಿ.

ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳದ ವಿಷಯ ಒಂದಿದೆ. ಆಯಿಲ್ ಹೀಟರ್, ಬ್ಲೋಯರ್, ರಾಡ್ ಹೀಟರ್ ಎಲ್ಲವೂ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖವನ್ನೇ ಕೊಡೋದು. ಒಂದು ಉಳಿತಾಯದ್ದು, ಇನ್ನೊಂದು ದಂಡ ಅನ್ನೋದು ಸುಳ್ಳು. ಶಾಖ ಎಲ್ಲಿಗೆ ಹೋಗುತ್ತೆ ಅನ್ನೋದರಲ್ಲಿದೆ ವ್ಯತ್ಯಾಸ. ಆಯಿಲ್ ಹೀಟರೂ ಬ್ಲೋಯರೂ ಮುಖ್ಯವಾಗಿ ಗಾಳಿಯನ್ನು ಕಾಯಿಸುತ್ತವೆ, ಬಿಸಿ ಗಾಳಿ ಮೇಲೇರುತ್ತೆ, ಮೇಲೆ ತೆಳು ಶೀಟು. ಗೋಡೆಯ ಬೆಡ್‌ರೂಮಿಗೆ ಆಯಿಲ್ ಹೀಟರ್ ಒಳ್ಳೆಯದೇ, ನಮ್ಮದು ಈಗ ಕೆಳಗೆ ಅಮ್ಮ ಮಲಗುವ ಕೋಣೆಯಲ್ಲಿದೆ. ಗಾಜಿನ ರೂಮಿಗೆ ಬೇಕಾಗಿದ್ದು ಕೆಂಪಗೆ ಹೊಳೆಯುವ ರಾಡಿನದು, ಇನ್‌ಫ್ರಾರೆಡ್. ಬಿಸಿಲಿನ ಹಾಗೆ ಅದರ ಕಿರಣ ನೇರ ಮೈಗೆ ಬೀಳುತ್ತೆ, ರೂಮು ತಣ್ಣಗಿದ್ದರೂ ಮನುಷ್ಯರಿಗೆ ಬೆಚ್ಚಗಾಗುತ್ತೆ. ಹಚ್ಚಿದ ಒಂದೆರಡು ನಿಮಿಷಕ್ಕೇ ಬಿಸಿ. "ಅದು ಆಮ್ಲಜನಕ ತಿನ್ನುತ್ತೆ" ಅಂತ ಹೆದರಿಸುವವರಿದ್ದಾರೆ. ಕರೆಂಟಿನ ರಾಡಿನಲ್ಲಿ ಏನೂ ಉರಿಯುವುದಿಲ್ಲ, ಹಾಗಾಗಿ ಆಮ್ಲಜನಕ ಖರ್ಚಾಗುವುದಿಲ್ಲ.

ನಮ್ಮದು ಎರಡು ರಾಡಿನದು, ಒಂದೊಂದು 400 ವ್ಯಾಟ್. ನೆಲದ ಮೇಲೆ ಇಟ್ಟರೆ ಸೆರಗು ತಾಕುತ್ತೆ ಅಂತ ಅಮ್ಮನ ಹಿಂದಿರುವ ಇಟ್ಟಿಗೆ ಗೋಡೆಗೇ ಕೂರಿಸಿದ್ದೇವೆ, ಅವಳ ಬೆನ್ನಿನಿಂದ ನಾಲ್ಕು ಅಡಿ ದೂರಕ್ಕೆ. ಒಂದೇ ರಾಡ್ ಸಾಕಾಗುತ್ತೆ. ಮೂರು ಗಂಟೆಗೆ 1.2 ಯೂನಿಟ್, ತಿಂಗಳಿಗೆ 36. ತೀರಾ ಹತ್ತಿರ ಕೂರಬಾರದು. ದಿನಾ ಒಂದೇ ಜಾಗಕ್ಕೆ ಜೋರು ಶಾಖ ಬಿದ್ದರೆ ಚರ್ಮದ ಮೇಲೆ ಬಲೆಯಂಥ ಕಲೆ ಏಳುತ್ತೆ. ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಬಿಸಿನೀರಿನ ಚೀಲ, ಎಲೆಕ್ಟ್ರಿಕ್ ಪ್ಯಾಡ್ ಕೊಡುವಾಗಲೂ ಎಚ್ಚರ ಬೇಕು. ಪಾದದಲ್ಲಿ ಸ್ಪರ್ಶ ಕಮ್ಮಿಯಾಗಿದ್ದರೆ ಸುಟ್ಟಿದ್ದೂ ತಿಳಿಯೋದಿಲ್ಲ.

ಕಾಲಿನ ಚಳಿಗೆ ಅಮ್ಮನೇ ಪರಿಹಾರ ಹೇಳಿದಳು. "ಅಟ್ಟದ ಮೇಲೆ ನಮ್ಮಮ್ಮನ ಮಣೆ ಇದೆ, ತಂದ್ಕೊಡು." ಹಲಸಿನ ಮರದ ಮಣೆ. ಅದರ ಮೇಲೆ ಕಾಲಿಟ್ಟುಕೊಂಡ ದಿನದಿಂದ ಮರಗಟ್ಟೋದು ನಿಂತಿತು. ಮರ ಶಾಖವನ್ನು ಬೇಗ ಎಳಕೊಳ್ಳುವುದಿಲ್ಲ, ಟೈಲ್ಸ್ ಎಳಕೊಳ್ಳುತ್ತೆ. ತಾವು ತಂದ ಸಾವಿರಾರು ರೂಪಾಯಿಯ ಹೀಟರುಗಳ ಜೊತೆಗೆ ಕೂತವರ ಕಾಲಡಿ ಒಂದು ಮಣೆ ಇಟ್ಟು ನೋಡಿ ಅಂತ ಎಲ್ಲರಿಗೂ ಹೇಳುತ್ತಿದ್ದೇನೆ.

ಆಮೇಲೆ ಸೋರಿಕೆ ನಿಲ್ಲಿಸಿದೆವು. ನಿಜ ಹೇಳಬೇಕೆಂದರೆ ಇದನ್ನೇ ಮೊದಲು ಮಾಡಬೇಕಿತ್ತು. ಶೀಟಿನ ಕೆಳಗೆ ಎರಡು ಇಂಚು ಥರ್ಮೋಕೋಲ್, ಅದರ ಕೆಳಗೆ ಜಿಪ್ಸಂ ಬೋರ್ಡ್. ಬರೀ ಥರ್ಮೋಕೋಲ್ ಬಿಡಬಾರದು, ಬೆಂಕಿ ಬೇಗ ಹಿಡಿಯುತ್ತೆ. ಮೇಲಿನಿಂದ ಸೋರುತ್ತಿದ್ದ ಸುಮಾರು 440 ವ್ಯಾಟ್ ಇದರಿಂದ ಐವತ್ತರ ಆಸುಪಾಸಿಗೆ ಇಳಿಯುತ್ತೆ. ಬೆಳಕು ಸ್ವಲ್ಪ ಕಮ್ಮಿಯಾಯಿತು, ಆದರೆ ಏಪ್ರಿಲ್‌ನಲ್ಲಿ ಅದೇ ರೂಮು ಕಾವಲಿಯಾಗೋದು ತಪ್ಪಿತು. ಸ್ಲೈಡಿಂಗ್ ಬಾಗಿಲಿನ ಹಳಿಗೆ ಬ್ರಷ್ ಪಟ್ಟಿ, ಉತ್ತರದ ಗಾಜಿಗೆ ನೆಲ ಮುಟ್ಟುವ ದಪ್ಪ ಪರದೆ. ಇಂಗ್ಲೆಂಡಿನಲ್ಲಿ ಮನೆಗೆ ಅಂಟಿಸಿ ಕಟ್ಟುವ ಗಾಜಿನ ಕೋಣೆ 30 ಚದರ ಮೀಟರ್ ಒಳಗಿದ್ದರೆ ಕಟ್ಟಡ ನಿಯಮದಿಂದ ವಿನಾಯಿತಿ ಕೊಡುತ್ತಾರೆ. ಆದರೆ ಮನೆಗೂ ಅದಕ್ಕೂ ನಡುವೆ ಹೊರಬಾಗಿಲಿನಷ್ಟೇ ಗಟ್ಟಿ ಬಾಗಿಲಿರಬೇಕು, ಅದರ ಹೀಟಿಂಗು ಬೇರೆಯೇ ಇರಬೇಕು ಅನ್ನೋದು ಷರತ್ತು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬಾಲ್ಕನಿಗೆ ಗಾಜು ಹಾಕಿಸಿ ಒಳಗಿನ ಬಾಗಿಲನ್ನೇ ಕಿತ್ತು ಹಾಲಿಗೆ ಸೇರಿಸಿಬಿಡುತ್ತಾರಲ್ಲ, ಆಗ ಬಾಲ್ಕನಿಯ ಚಳಿ ಇಡೀ ಮನೆಯದಾಗುತ್ತೆ. ದಯವಿಟ್ಟು ಆ ಬಾಗಿಲು ಉಳಿಸಿಕೊಳ್ಳಿ.

ನಮ್ಮ ಕಣ್ಣಿಗೆ ಗಾಜಿನ ಮನೆ ಅಂದರೆ ಲಾಲ್‌ಬಾಗ್. 1889ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು, ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಗಮನಿಸಿ, ಅಲ್ಲಿ ಗಾಳಿ ಸರಾಗ ಆಡುತ್ತೆ, ಬೆಚ್ಚಗಿಡುವ ಏರ್ಪಾಡು ಅಲ್ಲಿಲ್ಲ, ಬೇಕಾಗಿಯೂ ಇಲ್ಲ. ಆದರೆ 1848ರಲ್ಲಿ ಮುಗಿದ, ಲಂಡನ್ನಿನ ಕ್ಯೂ ಉದ್ಯಾನದ ತಾಳೆಗಳ ಗಾಜಿನ ಮನೆಗೆ ನೆಲಮಾಳಿಗೆಯಲ್ಲಿ ಕಲ್ಲಿದ್ದಲಿನ ಬಾಯ್ಲರುಗಳನ್ನು ಉರಿಸಿ ಬಿಸಿನೀರಿನ ಕೊಳವೆ ಹಾಯಿಸಬೇಕಾಯಿತು. ಗಾಜು ಹಗಲಿಗೆ ಬಿಸಿಲು ಕೂಡಿಡುತ್ತೆ, ರಾತ್ರಿಗೆ ಏನನ್ನೂ ಉಳಿಸೋದಿಲ್ಲ. ಈ ಸಂಗತಿ ನಮ್ಮ ಮನೆಗೆ ಗಾಜು ಹಾಕಿದವರೂ ಹೇಳಲಿಲ್ಲ.

ಹಗಲಿನ ಬಿಸಿಲೇ ನಮಗೆ ಸಿಕ್ಕ ದೊಡ್ಡ ಭಾಗ್ಯ. ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ದಕ್ಷಿಣದ ಗಾಜಿನಿಂದ ಬಿಸಿಲು ರೂಮಿನೊಳಕ್ಕೆ ಚೆನ್ನಾಗಿ ಬರುತ್ತೆ. ಏಪ್ರಿಲ್ 24ರ ಹೊತ್ತಿಗೆ ನೆತ್ತಿಯ ಮೇಲೆ ಬಂದು, ಜೂನ್‌ನಲ್ಲಿ ಉತ್ತರಕ್ಕೆ ಸರಿದಿರುತ್ತಾನೆ. ಹೊಸದಾಗಿ ಕಟ್ಟಿಸುವವರು ಗಾಜನ್ನು ದಕ್ಷಿಣಕ್ಕೂ ಪೂರ್ವಕ್ಕೂ ಇಡಿ, ಉತ್ತರಕ್ಕೆ ಗೋಡೆ ಕಟ್ಟಿ. ನಾವು ದಕ್ಷಿಣದ ಗಾಜಿನ ಬುಡದಲ್ಲಿ ಕಪ್ಪು ಬಣ್ಣ ಬಳಿದ 200 ಲೀಟರಿನ ನೀರಿನ ಡ್ರಮ್ ಇಟ್ಟಿದ್ದೇವೆ, ಮುಚ್ಚಳ ಬಿಗಿ ಮಾಡಿ. ಬಿಸಿಲಿಗೆ ಅದರ ನೀರು ಎಂಟು ಡಿಗ್ರಿ ಏರಿದರೆ ಸುಮಾರು 1.9 ಯೂನಿಟ್ಟಿನಷ್ಟು ಶಾಖ ಒಳಗೆ ಕೂತ ಹಾಗೆ. ಸಂಜೆ ನಾಲ್ಕೂವರೆಗೇ ಬಾಗಿಲು ಹಾಕಿ ಪರದೆ ಎಳೆದರೆ ರಾತ್ರಿಯೆಲ್ಲ ಅದು ನಿಧಾನಕ್ಕೆ ಬಿಡುತ್ತೆ. ಬೆಳಿಗ್ಗೆ ಆರಕ್ಕೆ ಈಗ 18ರ ಹತ್ತಿರ ಇರುತ್ತೆ, ಇನ್ನೂ ಹೀಟರ್ ಹಚ್ಚುವ ಮುಂಚೆಯೇ. ಆರ್ಕಿಡ್ಡುಗಳಿಗೂ ಹಿತವಾಗಿದೆ, ಈ ಸಲ ಎರಡು ಹೂಕಡ್ಡಿ ಬಿಟ್ಟಿವೆ.

ಗಾಜಿನ ರೂಮಿನಲ್ಲೇ ಇಡೀ ದಿನ ಕೂತು ಕೆಲಸ ಮಾಡುವವರಿಗೆ ರಾಡ್ ಸಾಲದು. ಅವರು ಹಾಟ್ ಅಂಡ್ ಕೋಲ್ಡ್ ಏಸಿ ನೋಡಬೇಕು. ಅದು ಶಾಖವನ್ನು ಹೊರಗಿನಿಂದ ಒಳಗೆ ಸಾಗಿಸುವುದರಿಂದ ಒಂದು ಯೂನಿಟ್ಟಿಗೆ ಮೂರರಷ್ಟು ಶಾಖ ಸಿಗುತ್ತೆ, ನಮ್ಮ 15 ಡಿಗ್ರಿಯ ಚಳಿಗೆ ಅದು ಸಲೀಸಾಗಿ ಕೆಲಸ ಮಾಡುತ್ತೆ. ಇಲ್ಲಿ ಮಾರುವ ಬಹಳಷ್ಟು ಏಸಿ ಬರೀ ತಂಪು ಮಾಡುವಂಥವು, ಕೇಳಿ ತಗೊಳ್ಳಿ.

ಅಗ್ಗಿಷ್ಟಿಕೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ಹಳ್ಳಿಯಿಂದ ಬಂದ ನೆಂಟರು ಪ್ರೀತಿಯಿಂದ ಹೇಳುವ ಉಪಾಯ ಇದು: "ಒಂದು ಬಾಣಲೇಲಿ ಕೆಂಡ ಹಾಕಿಡಿ." ಅವರ ಕಾಲದ ಹೆಂಚಿನ ಮನೆಯಲ್ಲಿ ಸಂದಿಗಳಿದ್ದವು, ಬಚ್ಚಲ ಒಲೆಯ ಹೊಗೆ ಹೋಗಲು ಗವಾಕ್ಷಿ ಇತ್ತು. ಸೀಲು ಮಾಡಿದ ಗಾಜಿನ ರೂಮಿನಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತೂಕಡಿಕೆ ಬಂದು ಮಲಗಿದವರು ಏಳುವುದಿಲ್ಲ. ಚಿಮಣಿ ಇಲ್ಲದ ಗ್ಯಾಸ್ ಹೀಟರಿನಲ್ಲೂ ಅದೇ ಅಪಾಯ. ಕಾವಲಿಗೆ ಕೂರುವ ಸೆಕ್ಯುರಿಟಿ ಅಣ್ಣಂದಿರು ಸಣ್ಣ ಕ್ಯಾಬಿನ್ನಿನೊಳಗೆ ಕೆಂಡ ಇಟ್ಟುಕೊಂಡಿದ್ದು ಕಂಡರೆ ಸುಮ್ಮನೆ ಹೋಗಬೇಡಿ, ಹೊರಗಿಡಲು ಹೇಳಿ. ಅಪಾರ್ಟ್‌ಮೆಂಟಿನವರು ಸೇರಿ ಅವರಿಗೊಂದು ರಾಡ್ ಹೀಟರ್ ಕೊಡಿಸಿ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡುತ್ತೆ, ಆಮೇಲೆ ಕೆಲಸಕ್ಕೆ ಜನರನ್ನು ಕರೆಸಿದ್ದೇನೆ. ಉತ್ತರದ ಗಾಜು ತೆಗೆಸಿ ಇಟ್ಟಿಗೆ ಕಟ್ಟಿಸಬೇಕು. ಅಮ್ಮನನ್ನು ಕೇಳಿದೆ. ತುಂಬ ಹೊತ್ತು ಆ ಗಾಜನ್ನೇ ನೋಡುತ್ತಿದ್ದಳು. "ಕಟ್ಸು, ಆದ್ರೆ ಒಂದು ಕಿಟಕಿ ಬಿಡ್ಸು. ಎದುರುಮನೆ ಸಂಪಿಗೆ ಮರ ಕಾಣ್ಬೇಕು ನಂಗೆ" ಅಂದಳು. ಎರಡು ಅಡಿ ಅಗಲ, ಮೂರು ಅಡಿ ಎತ್ತರ, ಜೋಡಿ ಗಾಜಿನದು. ಅವಳು ಕುರ್ಚಿಯಲ್ಲಿ ಕೂತಾಗ ಕಣ್ಣು ಎಲ್ಲಿಗೆ ಬರುತ್ತೋ ಅಲ್ಲಿಗೆ ನಿನ್ನೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದೇನೆ.