ಹತ್ತು ನಿಮಿಷದ ಮಿಷನರಿ

ಮೊನ್ನೆ ಭಾನುವಾರ ನಮ್ಮ ಸಭೆಗೆ, ಅಂದರೆ ಚರ್ಚಿಗೆ, ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಆರು ವರ್ಷದ ಮಗಳು. ಹೊರದೇಶಕ್ಕೆ ಮಿಷನರಿಗಳಾಗಿ ಹೊರಟವರು. ಯಾವ ದೇಶ ಅಂತ ಇಲ್ಲಿ ಬರೆಯುವ ಹಾಗಿಲ್ಲ, ಅಲ್ಲಿ ಮಿಷನರಿ ಅನ್ನುವ ಪದವೊಂದೇ ಸಾಕು ವೀಸಾ ಕೈತಪ್ಪಲು. ಮಾತಾಡಲು ಅವರಿಗೆ ಕೊಟ್ಟದ್ದು ಹತ್ತು ನಿಮಿಷ. ಪ್ರಕಟಣೆಗಳು ಲಂಬಿಸಿ ಅದು ಏಳಾಯಿತು. ಪ್ರೊಜೆಕ್ಟರಿಗೂ ಅವರ ಲ್ಯಾಪ್‌ಟಾಪಿಗೂ ಹೊಂದಾಣಿಕೆಯಾಗದೆ ಏಳು ಐದಾಯಿತು.

ಆತ ಬೈಬಲ್ ಅನುವಾದದ ಕೆಲಸಕ್ಕೆ ಹೋಗುವವರು. ಬರವಣಿಗೆಯೇ ಇಲ್ಲದ ಒಂದು ಭಾಷೆಗೆ ಮೊದಲು ಲಿಪಿ ಹೊಂದಿಸಬೇಕು, ಆಮೇಲೆ ಆ ಜನರ ಜೊತೆ ಕೂತು ಒಂದೊಂದೇ ವಾಕ್ಯ ಕಟ್ಟಬೇಕು. ಹದಿನೈದು ಇಪ್ಪತ್ತು ವರ್ಷ ಹಿಡಿಯುವ ಕೆಲಸ. ಇಂಥ ಕೆಲಸಕ್ಕೆ ಹೋಗುವವರು ಹೇಗಿರುತ್ತಾರೋ ಹಾಗೇ ಇದ್ದರು: ಮೆಲುದನಿ, ನೆಲ ನೋಡಿಕೊಂಡು ಮಾತು, ಒಂದು ಪದ ಸರಿಯಾಗಿ ಸಿಗುವವರೆಗೆ ನಿಂತು ಹುಡುಕುವ ಸ್ವಭಾವ. ಐದು ನಿಮಿಷದಲ್ಲಿ ಎರಡು ನಿಮಿಷ ಆ ಹುಡುಕಾಟಕ್ಕೇ ಹೋಯಿತು.

ನನ್ನ ಹಿಂದಿನ ಸಾಲಿನಿಂದ ಪಿಸುಮಾತು: "ಬ್ರದರ್‌ಗೆ ಅಷ್ಟೊಂದು ಅಭಿಷೇಕ ಇದ್ದ ಹಾಗಿಲ್ಲ ಅಲ್ವಾ?"

ಮಾತಿನಲ್ಲಿ ಪವಿತ್ರಾತ್ಮನ ಬಲ ಕಾಣಲಿಲ್ಲ ಅಂತ ಅದರ ಅರ್ಥ. ಆ ಮಾತು ಮೂರು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು.

ಆರಾಧನೆ ಮುಗಿದ ಮೇಲೆ ಆ ಮಗು ಹಿಂದಿನ ಬೆಂಚಿನಲ್ಲಿ ಒಂದು ನೋಟ್‌ಬುಕ್ ತೆರೆದು ಕೂತಿತ್ತು. ಪಕ್ಕ ಹೋಗಿ ಕೂತೆ. ಸಂಡೇ ಸ್ಕೂಲಿನಲ್ಲಿ ಹೊಸ ಮಕ್ಕಳ ಅಂಗಿಗೆ ಹೆಸರು ಬರೆದು ಅಂಟಿಸುವ ಸ್ಟಿಕ್ಕರ್ ಇರುತ್ತದಲ್ಲ, ಅದನ್ನು ಕಿತ್ತು ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದಳು. ಪುಟ ತಿರುಗಿಸಿದಳು. ಪೂರ್ತಿ ಸ್ಟಿಕ್ಕರುಗಳೇ. ಕೆಂಪು, ನೀಲಿ, ಕುರಿಮರಿ ಚಿತ್ರದ್ದು, ನಕ್ಷತ್ರದ್ದು. ಎಲ್ಲದರಲ್ಲೂ ಅವಳದೇ ಹೆಸರು, ಬೇರೆ ಬೇರೆ ಕೈಬರಹ. ಮೂರರಲ್ಲಿ ಹೆಸರು ತಪ್ಪು. "ಇದು ತಪ್ಪು ಬರೆದಿದ್ದಾರಲ್ಲ ಪುಟ್ಟಿ, ಹೇಳಲಿಲ್ವಾ?" ಅಂದೆ. "ಪರವಾಗಿಲ್ಲ ಅಂಕಲ್, ಮತ್ತೆ ಅಲ್ಲಿಗೆ ಹೋಗಲ್ಲ" ಅಂದಳು.

ಎಣಿಸಿದೆ. ಮೂವತ್ತೊಂದು ಇದ್ದವು.

ಸಭೆಯಲ್ಲಿ ಕೂತು ಕಾಣಿಕೆ ಹಾಕುವ ನಮಗೆ ಈ ಓಡಾಟದ ಒಳಗು ಬಹಳ ಮಂದಿಗೆ ಗೊತ್ತಿಲ್ಲ. ಮಿಷನರಿ ಅಂದರೆ ದೇವರು ಕರೆದ, ಇವರು ಹೊರಟರು, ಅಷ್ಟೇ ಅಂದುಕೊಂಡಿರುತ್ತೇವೆ. ಎಷ್ಟೋ ಮಿಷನ್ ಸಂಸ್ಥೆಗಳಲ್ಲಿ ಸಂಬಳ ಅನ್ನುವುದು ಇರುವುದಿಲ್ಲ. ಹೋಗುವವರೇ ತಮ್ಮ ಬೆಂಬಲ ಹುಡುಕಿಕೊಳ್ಳಬೇಕು. ಸಂಸ್ಥೆ ಒಂದು ಬಜೆಟ್ ಹಾಕಿಕೊಡುತ್ತದೆ. ಅದರಲ್ಲಿ ಮನೆ ಬಾಡಿಗೆ, ಊಟ ಮಾತ್ರ ಅಲ್ಲ, ವೀಸಾ, ಆರೋಗ್ಯ ವಿಮೆ, ಭಾಷಾ ಶಾಲೆಯ ಶುಲ್ಕ, ಮಕ್ಕಳ ಓದು, ತುರ್ತಿಗೆ ವಾಪಸ್ ಟಿಕೆಟ್, ಮುಪ್ಪಿಗೆ ಒಂದಿಷ್ಟು ಉಳಿತಾಯ, ಸಂಸ್ಥೆಯ ಕಚೇರಿ ಖರ್ಚಿನ ಪಾಲು ಎಲ್ಲಾ ಸೇರಿರುತ್ತದೆ. ತಿಂಗಳು ತಿಂಗಳು ಇಷ್ಟು ಕೊಡುತ್ತೇವೆ ಅಂತ ಸಭೆಗಳು, ವ್ಯಕ್ತಿಗಳು ಕೊಟ್ಟ ಮಾತೆಲ್ಲ ಸೇರಿ ಆ ಮೊತ್ತ ತುಂಬುವವರೆಗೆ ಸಂಸ್ಥೆ ಅವರನ್ನು ವಿಮಾನ ಹತ್ತಿಸುವುದಿಲ್ಲ. ಹತ್ತಿಸದಿರುವುದೇ ಸರಿ. ಅರೆಬರೆ ಹಣದಲ್ಲಿ ಹೋಗಿ, ಎರಡನೇ ವರ್ಷವೇ ಸಾಲ ಮಾಡಿ ಮರಳಿದವರ ಕಥೆ ಬೇಕಾದಷ್ಟಿದೆ.

ಒಂದೊಂದು ಸಭೆ ಕೊಡುವುದು ಬಜೆಟ್ಟಿನ ನೂರಕ್ಕೆ ಎರಡೋ ಮೂರೋ ಪಾಲು. ಹಾಗಾಗಿ ಮೂವತ್ತು ನಲವತ್ತು ಸಭೆಗಳ ಬಾಗಿಲು. ಫೋನ್ ಮಾಡು, ಪಾಸ್ಟರ್ ಸಿಗುವುದಿಲ್ಲ, ಮತ್ತೆ ಮಾಡು, ಮಿಷನ್ ಕಮಿಟಿ ಮುಂದಿನ ತಿಂಗಳು ಸೇರುತ್ತದೆ, ಆಮೇಲೆ ಹೇಳುತ್ತೇವೆ. ಎರಡು ವರ್ಷ ಹೀಗೆ ಕಳೆಯುವುದು ಏನೂ ಅಪರೂಪವಲ್ಲ. ಈ ಕಮಿಟಿಗಳಲ್ಲಿ ಒಂದರಲ್ಲಿ ನಾನು ಒಂಬತ್ತು ವರ್ಷ ಕೂತಿದ್ದೆ, ಖಜಾಂಚಿಯಾಗಿ. ಆದ್ದರಿಂದ ಇಲ್ಲಿ ಬೈಯುತ್ತಿರುವುದು ಮೊದಲು ನನ್ನನ್ನೇ.

"ಇದು ಭಿಕ್ಷೆ ಅಲ್ವಾ?" ಅಂತ ಕೇಳುವವರಿದ್ದಾರೆ. ಬೈಬಲಿನ ಅಪೊಸ್ತಲ ಪೌಲ ಗುಡಾರ ಹೊಲಿದು ದುಡಿಯಲಿಲ್ಲವೇ, ಇವರಿಗೇನು ಅಂತ. ಪೌಲ ಕೊರಿಂಥದಲ್ಲಿ ಗುಡಾರ ಮಾಡಿದ್ದು ನಿಜ. ಆದರೆ ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 15ನೇ ಅಧ್ಯಾಯದಲ್ಲಿ, ನಾನು ಸ್ಪೇನಿಗೆ ಹೋಗುವಾಗ ನಿಮ್ಮಲ್ಲಿಗೆ ಬರುತ್ತೇನೆ, ಅಲ್ಲಿಂದ ನೀವೇ ನನ್ನನ್ನು ಸಾಗಕಳುಹಿಸಿಕೊಡಬೇಕು ಅನ್ನುತ್ತಾನೆ. ಮೂಲದಲ್ಲಿರುವ ಗ್ರೀಕ್ ಪದಕ್ಕೆ ಬರೀ ಕೈಬೀಸಿ ಬೀಳ್ಕೊಡುವುದು ಅಂತ ಅರ್ಥವಲ್ಲ, ದಾರಿಖರ್ಚು ಹೊಂದಿಸಿ ಕಳಿಸುವುದು ಅಂತ. ನಾವು ನಂಬಿಕೆಯ ಮೇರು ಅಂತ ಓದುವ ಆ ಪತ್ರಿಕೆ ಒಂದು ರೀತಿಯಲ್ಲಿ ಮಿಷನರಿಯ ಬೆಂಬಲ ಪತ್ರವೂ ಹೌದು. ತೀರಾ ಮುಖ ನೋಡದ ಸಭೆಗೆ ಬರೆದದ್ದು ಬೇರೆ.

ಕೇಳುವುದೇ ತಪ್ಪು ಅನ್ನುವ ಇನ್ನೊಂದು ಪಂಥವೂ ಇದೆ, ಅದರ ಬಗ್ಗೆ ನನಗೆ ಗೌರವವಿದೆ. ಬ್ರಿಸ್ಟಲಿನ ಜಾರ್ಜ್ ಮುಲ್ಲರ್ ಅನಾಥಾಲಯ ನಡೆಸಿದ್ದು ಯಾರ ಮುಂದೆಯೂ ಕೈಚಾಚದೆ. 1865ರಲ್ಲಿ ಚೈನಾ ಇನ್‌ಲ್ಯಾಂಡ್ ಮಿಷನ್ ಕಟ್ಟಿದ ಹಡ್ಸನ್ ಟೇಲರ್ ಅವರದೂ ಅದೇ ನಿಯಮ. ಸಭೆಯಲ್ಲಿ ಹಣ ಕೇಳುವಂತಿಲ್ಲ, ದೇವರ ಹತ್ತಿರ ಮಾತ್ರ. ಆದರೆ ಅವರಿಬ್ಬರೂ ಕೆಲಸದ ವರದಿಗಳನ್ನು ತಪ್ಪದೆ ಅಚ್ಚು ಹಾಕಿಸುತ್ತಿದ್ದರು, ಜನ ಓದುತ್ತಿದ್ದರು. ನಮ್ಮ ಸಭೆಗಳಲ್ಲಿ ಟೇಲರ್ ಹೆಸರು ಹೇಳಿ ಮಿಷನರಿಯ ಬಾಯಿ ಮುಚ್ಚಿಸುವವರು ಮಾತ್ರ ಅದೇ ಮಿಷನರಿಯ ವರದಿ ಹೊತ್ತ ಪ್ರಾರ್ಥನಾ ಪತ್ರ ಬಂದರೆ ತೆರೆದೂ ನೋಡುವುದಿಲ್ಲ.

ಇರಲಿ. ನನ್ನ ತಕರಾರು ಕೇಳುವುದರ ಬಗ್ಗೆ ಅಲ್ಲವೇ ಅಲ್ಲ. ಕೇಳಲು ಯಾರು ಹೋಗಬೇಕು ಅನ್ನುವುದರ ಬಗ್ಗೆ.

ವಿಲಿಯಂ ಕೇರಿ ಎಲ್ಲರಿಗೂ ಗೊತ್ತು. 1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಕೆಟರಿಂಗ್‌ನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಬೆರಳೆಣಿಕೆಯ ಮಂದಿ ಸೇರಿ ಮಿಷನ್ ಸಂಘ ಶುರುಮಾಡಿದರು. ಆ ದಿನ ಕೊಡುತ್ತೇವೆ ಅಂತ ಬರೆದುಕೊಟ್ಟ ಹಣ 13 ಪೌಂಡ್, 2 ಶಿಲಿಂಗ್, 6 ಪೆನ್ಸ್. ಮರುವರ್ಷ ಜೂನ್‌ನಲ್ಲಿ ಕೇರಿ ಭಾರತಕ್ಕೆ ಹಡಗು ಹತ್ತಿದರು. ಆಮೇಲೆ ಸಾಯುವವರೆಗೆ, 1834ರವರೆಗೆ, ಒಂದು ಸಲವೂ ಇಂಗ್ಲೆಂಡಿಗೆ ಮರಳಲಿಲ್ಲ. ಹಾಗಾದರೆ ಸಭೆ ಸಭೆ ಸುತ್ತಿ ವರದಿ ಒಪ್ಪಿಸಿದ್ದು ಯಾರು?

ಕೇರಿ ಅಲ್ಲ. ಊರಲ್ಲೇ ಉಳಿದ ಆಂಡ್ರ್ಯೂ ಫುಲ್ಲರ್. ಆತ ಅದೇ ಕೆಟರಿಂಗ್ ಸಭೆಯ ಪಾಸ್ಟರ್, ಜೊತೆಗೆ ಸಂಘದ ಕಾರ್ಯದರ್ಶಿ. ಭಾರತಕ್ಕೆ ಹೋಗುವುದೆಂದರೆ ಆಳವಾದ ಗಣಿಗೆ ಇಳಿಯುವ ಹಾಗೆ, ಇಳಿಯುವವರ ಹಗ್ಗ ನಾವು ಹಿಡಿದಿರಬೇಕು ಅನ್ನುವ ಮಾತು ಅವರ ನಡುವೆ ಆಗಿತ್ತಂತೆ. ಈ ಹಗ್ಗದ ಮಾತನ್ನು ಮಿಷನ್ ಭಾನುವಾರದ ಪ್ರಸಂಗದಲ್ಲಿ ಎಷ್ಟು ಸಲ ಕೇಳಿಲ್ಲ ನಾವು! ಆದರೆ ಫುಲ್ಲರ್ ಹಗ್ಗ ಹಿಡಿದದ್ದು ಹೇಗೆ ಅಂತ ಯಾರೂ ಹೇಳುವುದಿಲ್ಲ. ಕುದುರೆ, ಗಾಡಿ, ಕಾಲ್ನಡಿಗೆ. ಸ್ಕಾಟ್‌ಲೆಂಡಿಗೇ ಐದು ಸಲ ಹೋಗಿಬಂದರು, ಕೇರಿಗಾಗಿ ಕಾಣಿಕೆ ಎತ್ತಲು. 1815ರಲ್ಲಿ ತೀರಿಕೊಳ್ಳುವವರೆಗೆ ಇಪ್ಪತ್ತಮೂರು ವರ್ಷ ಇದೇ ಕೆಲಸ.

ಇನ್ನೊಬ್ಬರು ಲೂಥರ್ ರೈಸ್. ಅದೊನೀರಾಮ್ ಜಡ್ಸನ್ ಜೊತೆ 1812ರಲ್ಲಿ ಅಮೆರಿಕದಿಂದ ಹೊರಟವರು. ಜಡ್ಸನ್‌ಗೆ ಪ್ರಯಾಣದ ಸಮಯದಲ್ಲಿ, ರೈಸ್‌ಗೆ ಕಲ್ಕತ್ತಾ ತಲುಪಿದ ಮೇಲೆ ದೀಕ್ಷಾಸ್ನಾನದ ಬಗ್ಗೆ ನಿಲುವು ಬದಲಾಗಿ ಇಬ್ಬರೂ ಬ್ಯಾಪ್ಟಿಸ್ಟ್ ಪಂಥ ಸೇರಿದರು, ಕಳಿಸಿದ ಸಂಘದ ಬೆಂಬಲ ಬಿಟ್ಟುಹೋಯಿತು. ಯಾರಾದರೊಬ್ಬರು ಮರಳಿ ಹೊಸ ಬೆಂಬಲ ಕಟ್ಟಬೇಕಿತ್ತು. ರೈಸ್ 1813ರಲ್ಲಿ ಮರಳಿದರು, ಕೆಲಸ ಮುಗಿಸಿ ಮತ್ತೆ ಗೆಳೆಯನ ಹತ್ತಿರ ಹೋಗುತ್ತೇನೆ ಅಂದುಕೊಂಡೇ. ಹೋಗಲಾಗಲಿಲ್ಲ. 1836ರಲ್ಲಿ ಸಾಯುವವರೆಗೂ ಕುದುರೆಯ ಮೇಲೆ ಸಭೆಯಿಂದ ಸಭೆಗೆ. ಬರ್ಮಾದ ಜಡ್ಸನ್ ಹೆಸರು ಎಲ್ಲರ ಬಾಯಲ್ಲಿದೆ, ರೈಸ್ ಹೆಸರು ಕೇಳಿದರೆ ಅಕ್ಕಿಯಾ ಅನ್ನುತ್ತಾರೆ.

ಅಂದರೆ ಆಗ ಹೋಗುವವರು ಹೋಗುತ್ತಿದ್ದರು, ಸುತ್ತುವವರು ಸುತ್ತುತ್ತಿದ್ದರು. ನಾವು ಈಗ ಎರಡೂ ಹೊರೆಯನ್ನು ಒಬ್ಬನ ತಲೆಗೇ ಕಟ್ಟಿದ್ದೇವೆ. ಗಣಿಗೆ ಇಳಿಯುವವನೇ ಹಗ್ಗ ಕೊಂಡು, ಹೊಸೆದು, ಅದರ ತುದಿಯನ್ನು ನಲವತ್ತು ಜನರ ಕೈಗೆ ಹಿಡಿಸಿ, ದಯವಿಟ್ಟು ಬಿಡಬೇಡಿ ಅಂತ ವರ್ಷಕ್ಕೆ ನಾಲ್ಕು ಪತ್ರ ಬರೆಯಬೇಕು.

ಮೇಲಿಂದ ವೇದಿಕೆಯ ಪರೀಕ್ಷೆ. ಹತ್ತು ನಿಮಿಷದಲ್ಲಿ ನಗಿಸಿ, ಅಳಿಸಿ, ಫೋಟೋ ತೋರಿಸಬಲ್ಲವರಿಗೆ ಆರು ತಿಂಗಳಲ್ಲಿ ಬಜೆಟ್ ತುಂಬುತ್ತದೆ. ಮೆಲುದನಿಯವರು, ಒಂಟಿ ಹೆಣ್ಣುಮಕ್ಕಳು, ಲೆಕ್ಕಪತ್ರಕ್ಕೋ ವಿಮಾನ ರಿಪೇರಿಗೋ ಹೋಗುವವರು, ಇವರೆಲ್ಲ ಕಾಯುತ್ತಾರೆ. ಭಾಷೆ ಕಲಿಯುವ ತಾಳ್ಮೆ, ಅಪರಿಚಿತರ ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಳ್ಳುವ ಗುಣ ವೇದಿಕೆಯ ಮೇಲೆ ಕಾಣುವುದಿಲ್ಲ. ಅಲ್ಲಿ ಬೇಕಾದದ್ದು ಇದು, ಇಲ್ಲಿ ನಾವು ಅಂಕ ಕೊಡುವುದು ಇನ್ನೊಂದಕ್ಕೆ.

ಜಡ್ಸನ್‌ರನ್ನೇ ತಗೊಳ್ಳಿ. ಮೂವತ್ತಮೂರು ವರ್ಷದ ಮೇಲೆ 1845ರಲ್ಲಿ ಮೊದಲ ಸಲ ಅಮೆರಿಕಕ್ಕೆ ಬಂದಾಗ ಗಂಟಲು ಎಷ್ಟು ಕೆಟ್ಟಿತ್ತೆಂದರೆ, ಅವರು ಪಿಸುಗುಟ್ಟಿದ್ದನ್ನು ಪಕ್ಕದಲ್ಲಿ ನಿಂತ ಇನ್ನೊಬ್ಬರು ಗಟ್ಟಿಯಾಗಿ ಹೇಳಬೇಕಿತ್ತು. ಒಂದೂರಿನಲ್ಲಿ ಅವರು ಯೇಸುವಿನ ಬಗ್ಗೆ ಮಾತ್ರ ಹೇಳಿ ಕೂತದ್ದಕ್ಕೆ ಜನ ಬೇಸರಪಟ್ಟರಂತೆ, ದೂರದೇಶದ ರೋಚಕ ಕಥೆ ಹೇಳಲಿಲ್ಲವಲ್ಲ ಅಂತ. ಬರ್ಮೀಸ್ ಭಾಷೆಗೆ ಇಡೀ ಬೈಬಲ್ ಕೊಟ್ಟ ಮನುಷ್ಯ! ಆತ ಇವತ್ತು ಬಂದಿದ್ದರೆ ನನ್ನ ಹಿಂದಿನ ಸಾಲಿನವರು ಏನು ಪಿಸುಗುಡುತ್ತಿದ್ದರೋ.

ಹಾಗಂತ ಪ್ರಶ್ನೆಯೇ ಕೇಳಬೇಡಿ ಅಂತಲ್ಲ. ನಿಮ್ಮನ್ನು ಕಳಿಸುತ್ತಿರುವ ಸ್ವಂತ ಸಭೆ ಯಾವುದು, ಲೆಕ್ಕ ಯಾರು ನೋಡುತ್ತಾರೆ, ಅಲ್ಲಿ ಯಾರ ಕೈಕೆಳಗೆ ಇರುತ್ತೀರಿ, ಇವೆಲ್ಲ ಕೇಳಲೇಬೇಕು. ಮೋಸಗಾರರು ಈ ದಾರಿಯಲ್ಲೂ ಇದ್ದಾರೆ. ಆದರೆ ನಮ್ಮ ಕಮಿಟಿಯಲ್ಲಿ ಅತಿ ಹೆಚ್ಚು ಕೇಳಿದ ಪ್ರಶ್ನೆ ಯಾವುದು ಗೊತ್ತೇ? "ವಿಡಿಯೋ ಇದೆಯಾ?"

ಒಂದು ತಪ್ಪೊಪ್ಪಿಗೆ ಬಾಕಿ ಇದೆ. ನಾನು ಖಜಾಂಚಿಯಾಗಿದ್ದಾಗ ಕಟ್ಟಡದ ಕೆಲಸ ಬಂತು. ಹಣ ಸಾಲಲಿಲ್ಲ. ಆರು ವರ್ಷದಿಂದ ನಾವು ಕೊಡುತ್ತಿದ್ದ ಒಂದು ಮಿಷನರಿ ಕುಟುಂಬದ ಬೆಂಬಲ ನಿಲ್ಲಿಸೋಣ, ಮುಂದೆ ನೋಡೋಣ ಅಂತ ತೀರ್ಮಾನವಾಯಿತು. ನಾಲ್ಕು ಸಾಲಿನ ಇಮೇಲ್. ಬರೆದವನು ನಾನೇ. 'ಪ್ರಾರ್ಥನೆಯಲ್ಲಿ ನಿಮ್ಮೊಂದಿಗಿದ್ದೇವೆ' ಅಂತ ಕೊನೆಗೆ ಸೇರಿಸಿದ್ದೂ ನಾನೇ. ಅವರು ಬೈಯಲಿಲ್ಲ, ಇಷ್ಟು ವರ್ಷ ಕೊಟ್ಟದ್ದಕ್ಕೆ ವಂದನೆ ಅಂತ ಬರೆದರು. ಆ ಕೊರತೆ ತುಂಬಿಸಲು ಆತ ತನ್ನ ಮುಂದಿನ ರಜೆಯ ವರ್ಷದಲ್ಲಿ ಇನ್ನೂ ಹನ್ನೊಂದು ಸಭೆ ಸುತ್ತಿದರು ಅಂತ ಬಹಳ ತಡವಾಗಿ ಗೊತ್ತಾಯಿತು. ಫಿಲಿಪ್ಪಿಯ ಸಭೆ ಸೆರೆಯಲ್ಲಿದ್ದ ಪೌಲನಿಗೆ ಹಣದ ಜೊತೆ ಎಪಫ್ರೊದೀತನನ್ನೂ ಕಳಿಸಿತು, ಆತ ಸಾಯುವ ಹಾಗೆ ಕಾಯಿಲೆ ಬಿದ್ದ. ನಾವು ಕಳಿಸಿದ್ದು ಇಮೇಲ್.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ: ಹತ್ತು ಜನ ಮಿಷನರಿಗಳಿಗೆ ಚೂರು ಚೂರು ಕೊಟ್ಟು ಗೋಡೆಯ ಮೇಲೆ ಹತ್ತು ಫೋಟೋ ಅಂಟಿಸಿಕೊಳ್ಳುವ ಬದಲು ಇಬ್ಬರಿಗೆ ಬಜೆಟ್ಟಿನ ಕಾಲುಭಾಗ ಕೊಡಿ. ಅವರ ಮಕ್ಕಳ ಹೆಸರು ಸರಿಯಾಗಿ ಕಲಿಯಿರಿ. ರಜೆಗೆ ಬಂದಾಗ ನಲವತ್ತು ಊರು ಅಲೆಯದೆ ನಾಲ್ಕು ಕಡೆ ನಿಂತು ಉಸಿರಾಡಲಿ. ಪೌಲ ಬಾರ್ನಬರು ತಮ್ಮನ್ನು ಕಳಿಸಿದ ಅಂತಿಯೋಕ್ಯದ ಸಭೆಗೆ ಮರಳಿದಾಗ ಸಭೆ ಕೂಡಿಸಿ ನಡೆದದ್ದೆಲ್ಲ ಹೇಳಿ, ಅಲ್ಲೇ ಬಹಳ ದಿನ ಇದ್ದರು ಅಂತಿದೆ ಅಪೊಸ್ತಲರ ಕೃತ್ಯಗಳಲ್ಲಿ. ಹತ್ತು ನಿಮಿಷ ಇದ್ದರು ಅಂತಿಲ್ಲ.

ಎಲ್ಲ ಸಭೆಗಳ ಕಾಣಿಕೆ ಒಂದೇ ಕಡೆ ಸೇರಿಸಿ ಸಂಬಳ ಕೊಡುವ ಪದ್ಧತಿಯೂ ಇದೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1925ರಿಂದ ಹಾಗೆ ಮಾಡುತ್ತಿದ್ದಾರೆ. ಅಲೆದಾಟ ತಪ್ಪುತ್ತದೆ, ಒಪ್ಪುತ್ತೇನೆ. ಆದರೆ ತನ್ನ ಕಾಣಿಕೆ ಯಾರ ಮನೆಯ ದೀಪ ಉರಿಸುತ್ತಿದೆ ಅಂತ ಕೊಟ್ಟವರಿಗೂ ಗೊತ್ತಿರಬೇಕಲ್ಲ ಅನ್ನಿಸುತ್ತದೆ ನನಗೆ.

ನಿನ್ನೆ ರಾತ್ರಿ ಆ ಅನುವಾದಕರಿಗೆ ಫೋನ್ ಮಾಡಿದೆ. ಬಜೆಟ್ ಇನ್ನೂ ಎಷ್ಟು ಬಾಕಿ ಅಂತ ಕೇಳಿದೆ. ಮುಕ್ಕಾಲು ತುಂಬಿದೆ, ಇನ್ನು ಹದಿಮೂರು ಸಭೆಗಳ ಜೊತೆ ಮಾತಾಗಿದೆ ಅಂದರು. "ಆ ಪಟ್ಟಿ ನನಗೆ ಕಳಿಸಿ ಬ್ರದರ್. ನೀವು ಮನೆಯಲ್ಲಿ ಕೂತು ಭಾಷೆ ಓದಿಕೊಳ್ಳಿ, ನಿಮ್ಮ ಪರವಾಗಿ ನಾನು ಹೋಗಿಬರುತ್ತೇನೆ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀವಾ?" ಅಂದರು.

ಬೆಳಿಗ್ಗೆ ಪಟ್ಟಿಯ ಮೊದಲ ಸಭೆಗೆ ಫೋನ್ ಹಚ್ಚಿದೆ. ಪಾಸ್ಟರ್ ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು.

"ಸಂತೋಷ ಬ್ರದರ್, ಬನ್ನಿ. ಆದರೆ ಮಿಷನರಿಗಳು ಬರಲ್ವಾ? ಸ್ಲೈಡ್ಸ್ ಆದರೂ ಇರುತ್ತಾ?"